ಅಳಿವೆ ಬಾಗಿಲಿನ ಎದೆಬಡಿತ

ಭಯದ ಬಗ್ಗೆ ಗೇವಿನ್‌ನಷ್ಟು ಸೊಗಸಾಗಿ ಮಾತಾಡುವವರು ಆ ಕಾಲೇಜಿನಲ್ಲಿ ಇನ್ನೊಬ್ಬರಿರಲಿಲ್ಲ. ಶರೀರಶಾಸ್ತ್ರದ ಲೆಕ್ಚರರ್, ವಯಸ್ಸು ಮೂವತ್ತೇಳು, ಜೆಪ್ಪುವಿನಲ್ಲಿ ಇಗರ್ಜಿಯ ಹಿಂದಿನ ಓಣಿಯಲ್ಲಿ ತಾಯಿ ಡಾಲಿ ಬಾಯಿಯ ಜೊತೆ ವಾಸ. ಬಚ್ಚಲಲ್ಲಿ ಹಲ್ಲಿ ಕಂಡರೆ ತಾಯಿಯನ್ನು ಕೂಗುವ ಆಸಾಮಿ. ಆದರೆ ತರಗತಿಯಲ್ಲಿ ನಿಂತನೆಂದರೆ ಮಾತು ಅರಳು ಹುರಿದ ಹಾಗೆ. ಮಿದುಳಿನೊಳಗೆ ಬಾದಾಮಿ ಗಾತ್ರದ ಒಂದು ಗಂಟಿದೆ, ಅಪಾಯದ ವಾಸನೆ ಮೊದಲು ಹತ್ತುವುದು ಅದಕ್ಕೆ. ಅಲ್ಲಿಂದ ಸುದ್ದಿ ಹೊರಟಿತೆಂದರೆ ಅಡ್ರಿನಲಿನ್ ಸುರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಜಾಯಿಂಟ್ ವೀಲಿನಲ್ಲಿ ಕೂತು ಕಿರುಚುವವನಿಗೂ ಹುಚ್ಚುನಾಯಿ ಅಟ್ಟಿಸಿಕೊಂಡು ಬಂದವನಿಗೂ ಒಳಗೆ ನಡೆಯುವುದು ಹೆಚ್ಚುಕಡಿಮೆ ಒಂದೇ. ಕೊನೆಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಇದ್ದರೆ ಅದು ಮಜಾ, ಇಲ್ಲದಿದ್ದರೆ ಭಯ. ಇದನ್ನೆಲ್ಲ ಅವನು ಹೇಳುವಾಗ ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಿದ್ದರು.

ಪಿಎಚ್‌ಡಿ ಮಾತ್ರ ಆರು ವರ್ಷಗಳಿಂದ ಕುಂಟುತ್ತಿತ್ತು. ಕೆಲವರು ಅಪಾಯವನ್ನು ಹುಡುಕಿಕೊಂಡು ಹೋಗುವುದೇಕೆ ಎಂಬುದು ವಿಷಯ. ಎದೆಗೆ ಕಟ್ಟಿದರೆ ಬಡಿತವನ್ನು ಕ್ಷಣಕ್ಷಣಕ್ಕೂ ಬರೆದಿಡುವ ಎರಡು ಬೆಲ್ಟುಗಳನ್ನು ಅವನು ಸ್ವಂತ ಖರ್ಚಿನಲ್ಲಿ ತರಿಸಿದ್ದ. ಬೈಕ್ ಹಾರಿಸುವ ಹುಡುಗರಿಗೆ ಕಟ್ಟಿ ನೋಡಿದ್ದ, ಅಲೆಯ ಮೇಲೆ ಹಲಗೆ ಹಾಕಿ ಆಡುವವರಿಗೆ ಕಟ್ಟಿ ನೋಡಿದ್ದ. ಅವರೆಲ್ಲ ಮಜಾಕ್ಕೆ ಹೋಗುವವರು. ಅಪಾಯವೇ ದಿನದ ಕೆಲಸವಾದ ಒಬ್ಬ ಮನುಷ್ಯ ಸಿಕ್ಕಿದರೆ ಪ್ರಬಂಧಕ್ಕೆ ಜೀವ ಬರುತ್ತದೆ ಎಂದು ಅವನು ಒಂದು ದಿನ ಕ್ಲಾಸಿನಲ್ಲಿ ಹೇಳಿದಾಗ ಎರಡನೇ ವರ್ಷದ ರಿಝ್ವಾನಾ ಎದ್ದು ನಿಂತಳು.

"ನನ್ನ ಅಪ್ಪ ಇದ್ದಾರೆ ಸರ್. ಬೆಂಗ್ರೆಯಲ್ಲಿ. ಮೂವತ್ತು ವರ್ಷದಿಂದ ಬೋಟಿನ ತಂಡೇಲ. ಅಳಿವೆಯಲ್ಲಿ ಅವರಷ್ಟು ಧೈರ್ಯ ಯಾರಿಗೂ ಇಲ್ಲ ಅಂತ ದಕ್ಕೆಯಲ್ಲಿ ಯಾರನ್ನು ಕೇಳಿದ್ರೂ ಹೇಳ್ತಾರೆ."

ತಂಡೇಲನೆಂದರೆ ಬೋಟು ನಡೆಸುವವನು, ಎಂಟು ಜನರ ಜೀವಕ್ಕೆ ಹೊಣೆ. ಅಳಿವೆಯೆಂದರೆ ನದಿ ಕಡಲಿಗೆ ಸೇರುವ ಬಾಯಿ. ಹೇಳುವಾಗ ಹುಡುಗಿಯ ಮುಖ ಅರಳಿತ್ತು. ಗೇವಿನ್ ಅದೇ ವಾರ ಬಂದರ್‌ನ ಮೀನುಗಾರಿಕಾ ದಕ್ಕೆಗೆ, ಬೋಟುಗಳು ಬಂದು ನಿಲ್ಲುವ ಕಟ್ಟೆಗೆ, ಹೋದ.

ಎರಡು ತಿಂಗಳ ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ಸಮಯ ಅದು. ನೂರ್ ಮುಹಮ್ಮದ್ ಐವತ್ತೈದರ ದಪ್ಪ ಎದೆಯ ಮನುಷ್ಯ, ಮಾತು ಕಡಿಮೆ. ಗೇವಿನ್ ಕೊಟ್ಟ ಒಪ್ಪಿಗೆ ಕಾಗದವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಹೆಸರು ಹಾಕುದಿಲ್ಲ ಅಂತ ಉಂಟಲ್ಲ, ಹಾಗಾದ್ರೆ ಅಡ್ಡಿ ಇಲ್ಲ" ಎಂದು ಸಹಿ ಮಾಡಿದರು. ಎಂಜಿನ್ ಪರೀಕ್ಷೆಗೆಂದು ಮರುದಿನ ಬೆಳಿಗ್ಗೆ ಅಳಿವೆ ದಾಟಿ ವಾಪಸು ಬರುವುದಿತ್ತು. ಸರ್ ಕೂಡ ಬರಬಹುದು ಎಂದರು. ಹೋಲಿಕೆಗೆ ತಾನೂ ಒಂದು ಬೆಲ್ಟ್ ಕಟ್ಟಿಕೊಂಡರೆ ಒಳ್ಳೆಯದೆಂದು ಗೇವಿನ್‌ಗೆ ಹೊಳೆಯಿತು. ದಕ್ಕೆಯ ಮೇಲೆ ನಿಂತೇ ನೋಟ್‌ಬುಕ್ಕಿನಲ್ಲಿ ಬರೆದ: ಎ ಬೆಲ್ಟ್ ತಂಡೇಲರದ್ದು, ಬಿ ಬೆಲ್ಟ್ ನನ್ನದು.

ಬೋಟು ಹೊರಟ ಮೇಲೆ ಕ್ಯಾಬಿನ್ನಿನಲ್ಲಿ ಕಟ್ಟಲು ನೋಡಿದರೆ ಎ ಬೆಲ್ಟ್ ನೂರ್ ಮುಹಮ್ಮದರ ಎದೆಗೆ ಸುತ್ತು ಬರಲಿಲ್ಲ. ಬಿ ಬೆಲ್ಟ್ ಸ್ವಲ್ಪ ಉದ್ದ. ಅದನ್ನು ಅವರಿಗೆ ಕೊಟ್ಟು ಎ ಬೆಲ್ಟನ್ನು ತಾನು ಕಟ್ಟಿಕೊಂಡ. ನೋಟ್‌ಬುಕ್ ಚೀಲದೊಳಗಿತ್ತು, ಚೀಲ ಕೆಳಗಿತ್ತು, ಆಮೇಲೆ ತಿದ್ದಿದರಾಯಿತು ಅಂದುಕೊಂಡ. ಅಷ್ಟರಲ್ಲಿ ಅಳಿವೆ ಬಂತು.

ನದಿಯ ನೀರು ಹೊರಗೆ ನೂಕುತ್ತದೆ, ಕಡಲು ಒಳಗೆ ನೂಕುತ್ತದೆ, ಅಡಿಯಲ್ಲಿ ಹೂಳು ತುಂಬಿ ಆಳವೇ ಇಲ್ಲ. ಅಲೆಗಳು ಮೂರು ಕಡೆಯಿಂದ ಎದ್ದು ನಿಲ್ಲುವ ಜಾಗ ಅದು. ಪುಸ್ತಕದಲ್ಲಿ ಓದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಗೇವಿನ್‌ಗೆ ಮೊದಲ ಅಲೆಗೇ ಗೊತ್ತಾಯಿತು. ಎರಡನೆಯದಕ್ಕೆ ಅವನು ಕೂತುಬಿಟ್ಟ. ಮೂರನೆಯದಕ್ಕೆ ಬೋಟಿನ ಮೂತಿ ಆಕಾಶಕ್ಕೆ ಹೋಗಿ ದಬಕ್ಕನೆ ಕೆಳಗೆ ಬಿದ್ದಾಗ, ಮೂವತ್ತೇಳು ವರ್ಷದ ಲೆಕ್ಚರರ್ ಮಹಾಶಯ "ಮಾಂಯ್, ಮಾಂಯ್" ಎಂದು ಅಮ್ಮನನ್ನು ಕರೆಯುತ್ತ ನೂರ್ ಮುಹಮ್ಮದರ ಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದು ಗೊಳೋ ಎಂದು ಅತ್ತ. ವಾಂತಿಯೂ ಆಯಿತು, ಅದು ಅವರ ಪಾದದ ಮೇಲೇ. ಕೆಲಸದವರೆಲ್ಲ ಮುಂಭಾಗದಲ್ಲಿ ಹಗ್ಗ ಹಿಡಿದು ನಿಂತಿದ್ದರಿಂದ ಇದನ್ನು ಯಾರೂ ನೋಡಲಿಲ್ಲ. ನೂರ್ ಮುಹಮ್ಮದ್ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯನ್ನು ಅವನ ತಲೆಯ ಮೇಲಿಟ್ಟರು. "ಆಯ್ತು ಸರ್, ಆಯ್ತು, ದಾಟಿತು" ಎನ್ನುತ್ತಲೇ ಇದ್ದರು. ತಿರುಗಿ ನದಿಯೊಳಗೆ ಬಂದ ಮೇಲೆ ಬಕೆಟಿನಲ್ಲಿ ಸಿಹಿನೀರು ಕೊಟ್ಟು ಮುಖ ತೊಳೆಯಲು ಹೇಳಿದರು. ಅವನು ತೊಳೆದು ಮುಗಿಸುವ ತನಕ ಬೆನ್ನು ತಿರುಗಿಸಿ ನಿಂತಿದ್ದರು.

ಆ ರಾತ್ರಿ ಊಟವಾದ ಮೇಲೆ ಗೇವಿನ್ ಕಂಪ್ಯೂಟರಿಗೆ ಹಾಕಿ ನೋಡಿದರೆ ಎ ಗೆರೆ ನೂರ ಅರವತ್ತೆಂಟಕ್ಕೆ ಏರಿ ಅಲ್ಲೇ ಕುಣಿದಿತ್ತು. ಬಿ ಗೆರೆ ತೊಂಬತ್ತನ್ನು ದಾಟಿರಲಿಲ್ಲ. ನೋಟ್‌ಬುಕ್ ತೆರೆದ. ಎ ತಂಡೇಲರದ್ದು.

ಈಗ ಹೇಳಬೇಕಾದ ಮಾತನ್ನು ಹೇಳಿಯೇ ಬಿಡುತ್ತೇನೆ. ಅತ್ತದ್ದು ಅವನಿಗೆ ಮರೆತಿರಲಿಲ್ಲ. ಗಂಟಲಿನಲ್ಲಿ ವಾಂತಿಯ ಹುಳಿ ಇನ್ನೂ ಇತ್ತು. ಒಂದು ನಿಮಿಷ ಕಣ್ಣು ಮುಚ್ಚಿ ಕೂತಿದ್ದರೆ ಬೆಲ್ಟ್ ಬದಲಿಸಿದ್ದು ನೆನಪಾಗುತ್ತಿತ್ತು. ಆದರೆ ಆ ಬಿ ಗೆರೆ ಎಷ್ಟು ಚೆಂದವಿತ್ತು! ತಣ್ಣಗೆ, ಗಟ್ಟಿಯಾಗಿ, ಗಂಡಸಿನ ಹಾಗೆ. ನಾನು ಹೊರಗೆ ಅತ್ತರೂ ಒಳಗೆ ಹೆದರಿರಲಿಲ್ಲವೋ ಏನೋ ಎಂದು ಅವನಿಗೆ ಅನಿಸಿತು. ಅನಿಸಿದ್ದಕ್ಕೆ ಶಾಸ್ತ್ರದ ಬಟ್ಟೆ ತೊಡಿಸಲು ಅವನಿಗೆ ಹೇಳಿಕೊಡಬೇಕೇ? ಮುಖದ ಭಯ ಬೇರೆ, ಹೃದಯದ ಭಯ ಬೇರೆ. ಅಭ್ಯಾಸದಿಂದ ಭಯ ಹೋಗುವುದಿಲ್ಲ, ಮುಚ್ಚಿಡುವುದಷ್ಟೇ ಅಭ್ಯಾಸವಾಗುತ್ತದೆ ಎಂದು ಎರಡು ಪುಟ ಬರೆದು ಮಲಗಿದ. ಮರುದಿನ ತಾಯಿಗೆ ಗೆರೆ ತೋರಿಸಿದ. ಡಾಲಿ ಬಾಯಿ ಅದನ್ನೂ ಮಗನನ್ನೂ ಒಮ್ಮೆ ನೋಡಿ, "ನಿನ್ನದಾ ಪುತಾ ಇದು?" ಎಂದು ಕೇಳಿ ಮೀನು ಹೆಚ್ಚಲು ಹೋದರು.

ಸೆಪ್ಟೆಂಬರಿನಲ್ಲಿ ಕಾಲೇಜಿನ ಸಭಾಂಗಣದಲ್ಲಿ ಸಾರ್ವಜನಿಕ ಉಪನ್ಯಾಸವಿತ್ತು. ಇನ್ನೂರು ಜನ. ಗೇವಿನ್ ಪರದೆಯ ಮೇಲೆ ಎರಡು ಗೆರೆ, ಪಕ್ಕದಲ್ಲಿ ತಂಡೇಲರ ಒಂದು ಫೋಟೋ ಹಾಕಿದ. ಹೆಸರು ಹೇಳಲಿಲ್ಲ, ಮುಖವನ್ನೂ ಮಸುಕು ಮಾಡಿದ್ದ. ಆದರೆ ಹಿಂದಿನ ಹಸಿರು ಬೋಟಿನ ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಬಗ್ಗೆ ಅವನು ಯೋಚಿಸಿರಲೇ ಇಲ್ಲ.

"ಇವರು ಬೆಂಗ್ರೆಯ ತಂಡೇಲರು, ಮೂವತ್ತು ವರ್ಷದ ಅನುಭವ. ಅಳಿವೆಯಲ್ಲಿ ಇವರ ಎದೆ ನಿಮಿಷಕ್ಕೆ ನೂರ ಅರವತ್ತೆಂಟು. ಪಕ್ಕದಲ್ಲಿ ಇನ್ನೊಬ್ಬರು ಇದ್ದರು, ನೀರು ಅಂದ್ರೆ ಬಚ್ಚಲಿನದ್ದು ಮಾತ್ರ ಗೊತ್ತಿರುವ ಒಬ್ಬ ಬಡ ಲೆಕ್ಚರರ್. ಅವರದ್ದು ತೊಂಬತ್ತು." ಇಷ್ಟು ಹೇಳಿ ಅವನು ಸ್ವಲ್ಪ ನಿಂತ. "ಇನ್ನು ಮುಂದೆ ಬೋಟು ಯಾರ ಕೈಗೆ ಕೊಡಬೇಕು ಅಂತ ನೀವೇ ಹೇಳಿ."

ಸಭೆ ಗೊಳ್ಳೆಂದು ನಕ್ಕಿತು. ನಗು ಮುಗಿಯುವವರೆಗೆ ಕಾದು, ಧೈರ್ಯವೆಂದರೆ ಮುಚ್ಚಿಟ್ಟ ಭಯವೆಂಬ ತನ್ನ ಮಾತನ್ನು ಹೇಳಿದ. ಚಪ್ಪಾಳೆ ಬಿತ್ತು. ಮೂರನೇ ಸಾಲಿನಲ್ಲಿ ರಿಝ್ವಾನಾ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ಮುಗಿದ ಮೇಲೆ ವೇದಿಕೆಯ ಹತ್ತಿರ ಬರದೆ ಎದ್ದು ಹೋದಳು.

ಊರಿನ ಒಂದು ಸಂಜೆಪತ್ರಿಕೆ ಆ ಮಾತನ್ನೇ ತಲೆಬರಹ ಮಾಡಿತು. ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿ ದಕ್ಕೆಗೆ ತಲುಪಲು ಎರಡು ದಿನ ಸಾಕಾಯಿತು. ಬೋಟಿನ ಮಾಲೀಕ ಅರಾಫತ್ ದುಬೈಯಲ್ಲಿ ಹತ್ತು ವರ್ಷ ದುಡಿದು ಬಂದ ಯುವಕ. ಕೆಟ್ಟವನಲ್ಲ, ಆದರೆ ಎಂಟು ಜನರ ಜೀವದ ಪ್ರಶ್ನೆ. ಅವನು ನೂರ್ ಮುಹಮ್ಮದರನ್ನು ಸ್ಟೇರಿಂಗಿನಿಂದ ಇಳಿಸಿ ದಕ್ಕೆಯಲ್ಲಿ ಬಲೆ ರಿಪೇರಿಗೆ ಕೂರಿಸಿದ. ಬೋಟನ್ನು ಬೇರೆ ಒಬ್ಬನಿಗೆ ಕೊಟ್ಟ.

ಗೇವಿನ್‌ಗೆ ಇದನ್ನು ಹೇಳಿದ್ದು ರಿಝ್ವಾನಾಳ ಗೆಳತಿ ನಿರೀಕ್ಷಾ. ಅವನಿಗೆ ಪಾಪ ಅನಿಸಿತು. ಹೃದಯದ ತೊಂದರೆ ಇದ್ದರೂ ಇರಬಹುದು, ಗೊತ್ತಾದದ್ದು ಒಳ್ಳೆಯದೇ ಆಯಿತು ಎಂದು ಸಮಾಧಾನವನ್ನೂ ಹೇಳಿಕೊಂಡ. ಮರುದಿನ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಬೆಲ್ಟ್ ಕಟ್ಟುವುದು ಹೇಗೆಂದು ಮಕ್ಕಳಿಗೆ ತೋರಿಸಲು, ತನ್ನದೆಂದುಕೊಂಡು ಬಿ ಬೆಲ್ಟನ್ನು ಅಂಗಿಯ ಮೇಲೆ ಸುತ್ತಿದ. ಅದು ಜಾರಿ ಸೊಂಟಕ್ಕೆ ಬಂತು. ಪಟ್ಟಿ ಪೂರ್ತಿ ಉದ್ದಕ್ಕೆ ಬಿಟ್ಟ ಹಾಗೇ ಇತ್ತು. ಅವನು ಎ ಬೆಲ್ಟ್ ಎತ್ತಿಕೊಂಡ. ಅದು ಸರಿಯಾಗಿ ಕೂತಿತು. ಕ್ಯಾಬಿನ್ನು, ಚೀಲ, ಆಮೇಲೆ ತಿದ್ದಿದರಾಯಿತು ಎಂದುಕೊಂಡದ್ದು, ಎಲ್ಲ ಒಟ್ಟಿಗೇ ಬಂದು ಮುಂದೆ ನಿಂತವು. ಎದುರಿಗೆ ರಿಝ್ವಾನಾ ಅವನ ಕೈಯಲ್ಲಿದ್ದ ಬೆಲ್ಟನ್ನೇ ನೋಡುತ್ತಿದ್ದಳು. "ಇವತ್ತಿಗೆ ಇಷ್ಟು ಸಾಕು" ಎಂದು ಹೇಳಿ ಹೊರಗೆ ಹೋದ.

ಅಂದೇ ಹೋಗಿ ಅರಾಫತ್‌ಗೆ ಹೇಳಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅವನು ಹೋಗಲಿಲ್ಲ. ಒಂದು ದಿನ ತಲೆನೋವು, ಒಂದು ದಿನ ಪೇಪರ್ ತಿದ್ದುವುದು. ಮೂರನೇ ದಿನ ದಕ್ಕೆಯ ತನಕ ಹೋಗಿ, ಬಲೆಗಳ ರಾಶಿಯ ನಡುವೆ ತಲೆ ತಗ್ಗಿಸಿ ಕೂತ ನೂರ್ ಮುಹಮ್ಮದರನ್ನು ದೂರದಿಂದ ನೋಡಿ ಸ್ಕೂಟರ್ ತಿರುಗಿಸಿದ. ನಿಜ ಹೇಳಿದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಹಾಗಾದರೆ ನೂರ ಅರವತ್ತೆಂಟು ಯಾರದ್ದು? ಆ ಇನ್ನೂರು ಜನರ ನಗು ಈಗ ತನ್ನ ಕಡೆ ತಿರುಗುತ್ತದೆ. ಶನಿವಾರ ಇಗರ್ಜಿಗೆ ಪಾಪನಿವೇದನೆಗೆ ಹೋದ. ತಾಯಿಗೆ ರೇಗಿದ್ದು, ಎರಡು ಭಾನುವಾರ ಪೂಜೆ ತಪ್ಪಿಸಿದ್ದು ಹೇಳಿದ. "ಮತ್ತೆಂತ ಉಂಟು?" ಎಂದು ಪಾದ್ರಿಗಳು ಕೇಳಿದರು. "ಇಷ್ಟೇ ಫಾದರ್" ಅಂದ. ಜಾಲರಿಯ ಆಚೆ ಕೂತ ವಯಸ್ಸಾದ ಮನುಷ್ಯ ಮೂರು ಜಪ ಹೇಳಲು ತಿಳಿಸಿದರು. ಅವನು ಆರು ಹೇಳಿದ. ಅದರಿಂದ ಏನೂ ಹಗುರಾಗಲಿಲ್ಲ, ಆಗುವಂಥದ್ದೂ ಅಲ್ಲ.

ಬೆಲ್ಟಿನ ವಿಷಯ ನೆನಪಾದ ಹನ್ನೊಂದನೆಯ ದಿನ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ರಿಝ್ವಾನಾ "ಪ್ರೆಸೆಂಟ್ ಸರ್" ಅಂದಳು. ಎಂದಿನಂತೆಯೇ ಅಂದಳು. ಅವನಿಗೆ ಮುಂದಿನ ಹೆಸರು ಓದಲಾಗಲಿಲ್ಲ. ಆ ಸಂಜೆ ಬಂದರ್‌ನಿಂದ ನದಿಯಾಚೆಯ ಬೆಂಗ್ರೆಗೆ ಹೋಗುವ ಫೆರಿ ಹತ್ತಿದ. ಹತ್ತು ನಿಮಿಷದ ದಾರಿ. ನದಿ ತೊಟ್ಟಿಯ ನೀರಿನಷ್ಟು ಶಾಂತವಾಗಿತ್ತು. ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸರು ಹರಟುತ್ತಿದ್ದರು. ಅವನೊಬ್ಬ ಕಂಬಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದ.

ನೂರ್ ಮುಹಮ್ಮದ್ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಹೆಂಡತಿ ಶರೀಫಾ ಚಾ ತಂದಿಟ್ಟು ಒಳಗೆ ಹೋದರು. ರಿಝ್ವಾನಾ ಬಾಗಿಲಲ್ಲಿ ನಿಂತಳು.

"ನೂರಾಕ," ಎಂದ ಗೇವಿನ್. ದಕ್ಕೆಯವರು ಕರೆಯುವ ಹೆಸರದು, ಅವನ ಬಾಯಿಗೆ ಮೊದಲ ಸಲ ಬಂತು. "ಬೆಲ್ಟ್ ಅದಲುಬದಲಾಗಿದೆ. ಆ ದೊಡ್ಡ ಲೆಕ್ಕ ನಿಮ್ಮದಲ್ಲ."

"ಗೊತ್ತುಂಟು ಸರ್."

"ಯಾವಾಗ ಗೊತ್ತಾಯ್ತು?"

"ಮಗಳು ಬಂದು ಹೇಳಿದ ದಿನವೇ. ನನಗೆ ಸುತ್ತು ಬಾರದ ಬೆಲ್ಟ್ ನೀವು ಹಾಕಿಕೊಂಡದ್ದಲ್ವಾ. ನೆನಪುಂಟು."

"ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ರೆ? ಅರಾಫತ್‌ಗೆ ಒಂದು ಮಾತು ಹೇಳಿದ್ರೆ ಸಾಕಿತ್ತು!"

ನೂರ್ ಮುಹಮ್ಮದ್ ಚಾದ ಲೋಟ ಕೆಳಗಿಟ್ಟರು. "ಹೇಗೆ ಹೇಳುದು? ನನ್ನದಲ್ಲ ಅಂದ್ರೆ ಯಾರದ್ದು ಅಂತ ಕೇಳ್ತಾರೆ. ಅಳಿವೆಯಲ್ಲಿ ಹೆದರಿದವನ ಹೆಸರು ದಡದಲ್ಲಿ ಹೇಳುವ ಕ್ರಮ, ಅವನನ್ನು ನೋಡಿ ನಗುವ ಕ್ರಮ ದಕ್ಕೆಯ ಯಾವ ಬೋಟಲ್ಲೂ ಇಲ್ಲ. ನನ್ನ ತಂಡೇಲರು ನಂಗೆ ಕಲಿಸಿದ್ದು ಅದು. ಮೊದಲ ಸಲ ನಾನೂ ಅತ್ತಿದ್ದೇನೆ, ಅವರು ಸಾಯುವ ತನಕ ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಅವ ಮರುದಿನ ಬೋಟ್ ಹತ್ತುದಿಲ್ಲ ಸರ್. ಹೊಟ್ಟೆಪಾಡು ಹೋಗ್ತದೆ."

"ನಾನು ನಿಮ್ಮ ಕೆಲಸದವನಲ್ಲವಲ್ಲ."

"ನನ್ನ ಬೋಟಲ್ಲಿ ಇದ್ದಿರಲ್ಲ."

ಗೇವಿನ್‌ಗೆ ತಲೆ ಎತ್ತಲಾಗಲಿಲ್ಲ. ಇಡೀ ಜೀವಮಾನದಲ್ಲಿ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಬೈದಿದ್ದರೆ, ಎರಡು ಬಾರಿಸಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮನುಷ್ಯ ಅವನ ಮಾನ ಕಾಯಲು ತನ್ನದನ್ನು ಬಿಟ್ಟುಕೊಟ್ಟು ಬಲೆ ಹೊಲಿಯುತ್ತ ಕೂತಿದ್ದರು. ಅವನು ಅದೇ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಅಭಿನಂದನೆ ಸ್ವೀಕರಿಸುತ್ತಿದ್ದ.

ಬಾಗಿಲಿನಿಂದ ರಿಝ್ವಾನಾ ಮಾತಾಡಿದಳು. "ಬೆಲ್ಟ್ ಬದಲಾದದ್ದನ್ನು ಯಾರಿಗೂ ಹೇಳಬಾರದು ಅಂತ ಅಪ್ಪ ನನ್ನಿಂದ ಆಣೆ ಹಾಕಿಸಿದ್ರು. ನಿಮಗೇ ನೆನಪಾಗ್ತದೆ ಅಂತ ದಿನಾ ಕ್ಲಾಸಿಗೆ ಬರ್ತಿದ್ದೆ. ಇವತ್ತು ನೆನಪಾದದ್ದಾ ಸರ್?"

ಹೌದು ಅಂದರೆ ಮುಗಿಯುತ್ತಿತ್ತು. ಆ ಎರಡಕ್ಷರ ನಾಲಿಗೆಯ ತುದಿಗೆ ಬಂದೂ ಇತ್ತು.

"ಹನ್ನೊಂದು ದಿನ ಆಯ್ತು," ಅಂದ.

ಅವಳು ಒಳಗೆ ಹೋದಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ದಕ್ಕೆಯಲ್ಲಿ ಐಸ್ ತುಂಬಿಸುವ ಗಡಿಬಿಡಿ. ಹಸಿರು ಬೋಟಿನ ಪಕ್ಕದಲ್ಲಿ ಅರಾಫತ್ ಡೀಸೆಲ್‌ನವನ ಜೊತೆ ಮಾತಾಡುತ್ತಿದ್ದ. ಕೆಲಸದವರು ಹಗ್ಗ ಬಿಚ್ಚುತ್ತಿದ್ದರು, ಅಕ್ಕಪಕ್ಕದ ಬೋಟಿನವರೂ ಸೇರಿ ಮೂವತ್ತು ಜನರಿರಬಹುದು. ನೂರ್ ಮುಹಮ್ಮದ್ ಬಲೆಗಳ ಹತ್ತಿರ ಆಗಲೇ ಕೂತಿದ್ದರು. ಗೇವಿನ್ ರಾತ್ರಿಯೆಲ್ಲ ಒಂದು ವಾಕ್ಯವನ್ನು ಸಿದ್ಧ ಮಾಡಿಕೊಂಡಿದ್ದ. ಅದರಲ್ಲಿ ಪೂರ್ತಿ ಸುಳ್ಳಿರಲಿಲ್ಲ, ಪೂರ್ತಿ ನಿಜವೂ ಇರಲಿಲ್ಲ.

"ಅರಾಫತ್, ಒಂದು ತಪ್ಪಾಗಿದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಆ ಗ್ರಾಫ್ ತಪ್ಪು. ನೂರಾಕನ ಎದೆ ತೊಂಬತ್ತರ ಮೇಲೆ ಹೋಗಲೇ ಇಲ್ಲ. ಅಳಿವೆಯಲ್ಲೂ ಇಲ್ಲ. ಏನೋ ಮೆಷಿನ್‌ನ ಪ್ರಾಬ್ಲಮ್."

ಅರಾಫತ್ ಅವನನ್ನೂ ನೂರ್ ಮುಹಮ್ಮದರನ್ನೂ ನೋಡಿದ. "ಹೌದಾ ನೂರಾಕ?"

"ಹೌದು," ಎಂದರು ನೂರ್ ಮುಹಮ್ಮದ್, ಕೈಯ ಕೆಲಸ ನಿಲ್ಲಿಸದೆ. "ಮೆಷಿನ್ ಅಲ್ವಾ. ಉಪ್ಪುನೀರು ತಾಗಿದ್ರೆ ಕೆಡ್ತದೆ."

ಅರಾಫತ್‌ನ ಮುಖ ಸಡಿಲವಾಯಿತು. ಅವನಿಗೂ ಈ ಹದಿನೈದು ದಿನ ನೆಮ್ಮದಿ ಇರಲಿಲ್ಲ. "ಹಾಗಾದ್ರೆ ಎಂತ ಕೂತದ್ದು ನೂರಾಕ? ಏಳಿ, ಹತ್ತಿ. ಈ ಹೊಸ ತಂಡೇಲನಿಗೆ ನನ್ನ ಇನ್ನೊಂದು ಬೋಟ್ ಉಂಟು." ನೂರ್ ಮುಹಮ್ಮದ್ ಸೂಜಿಯನ್ನು ಬಲೆಗೆ ಚುಚ್ಚಿಟ್ಟು ನಿಧಾನವಾಗಿ ಎದ್ದರು. ಯಾರೋ ಶಿಳ್ಳೆ ಹಾಕಿದರು.

ಎಲ್ಲ ಸರಿಹೋಯಿತು. ಗೇವಿನ್ ಮನೆಗೆ ಹೋಗಬಹುದಿತ್ತು. ಎರಡನೇ ಸಲವೂ ಅದೇ ಮನುಷ್ಯ ಅವನ ತಲೆಯ ಮೇಲೆ ಕೈಯಿಟ್ಟು ದಾಟಿಸಿಬಿಟ್ಟಿದ್ದರು. ಅದು ಅರ್ಥವಾದ ಗಳಿಗೆಯಲ್ಲಿ ಅವನಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ.

"ಮೆಷಿನ್ ಸರಿ ಇತ್ತು," ಎಂದ. ಧ್ವನಿ ಸಣ್ಣದಾಯಿತು, ಇನ್ನೊಮ್ಮೆ ಜೋರಾಗಿ ಹೇಳಿದ. "ಮೆಷಿನ್ ಸರಿಯೇ ಇತ್ತು. ಆ ನೂರ ಅರವತ್ತೆಂಟು ನನ್ನದು. ನೂರಾಕನ ಕಾಲು ಹಿಡಿದು ಅತ್ತದ್ದು ನಾನು. ಅವರ ಕಾಲಿನ ಮೇಲೆ ಕಾರಿದ್ದೂ ನಾನೇ. ಮತ್ತೆ ಸಭೆಯಲ್ಲಿ ಅವರನ್ನು ತಮಾಷೆ ಮಾಡಿದೆ. ಪೇಪರಿನವರಿಗೂ ಇವತ್ತೇ ಬರೆದು ಕೊಡ್ತೇನೆ."

ಹೇಳಿ ಮುಗಿಸಿ ಅವನು ಕಣ್ಣು ಮುಚ್ಚಿಕೊಂಡ. ನಗು ಬರಲಿ ಎಂದು ಕಾದ.

ಕಣ್ಣು ತೆರೆದಾಗ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಒಬ್ಬ ಹಗ್ಗದ ಗಂಟು ಬಿಚ್ಚುತ್ತಿದ್ದ. ಇನ್ನೊಬ್ಬ ಐಸಿನ ಪೆಟ್ಟಿಗೆಯ ಮುಚ್ಚಳವನ್ನು ಸುಮ್ಮನೆ ಎತ್ತಿ ಹಾಕುತ್ತಿದ್ದ. ಪಕ್ಕದ ಬೋಟಿನ ಇಬ್ಬರು ಬೆನ್ನು ತಿರುಗಿಸಿ ನದಿಯ ಕಡೆ ನಿಂತಿದ್ದರು. ಅರಾಫತ್ ಕೂಡ ಮೊಬೈಲ್ ತೆಗೆದು ಏನನ್ನೋ ಹುಡುಕತೊಡಗಿದ. ಮೂವತ್ತು ಜನರಲ್ಲಿ ಒಬ್ಬನೂ ನಗಲಿಲ್ಲ, ಒಬ್ಬನೂ ಅವನ ಮುಖ ನೋಡಲಿಲ್ಲ. ಒಬ್ಬನಾದರೂ ನಕ್ಕಿದ್ದರೆ ಸಾಕಿತ್ತು ಎಂದು ಗೇವಿನ್‌ಗೆ ಅನಿಸಿತು.

ನೂರ್ ಮುಹಮ್ಮದ್ ಅವನ ಪಕ್ಕದಲ್ಲೇ ಹಾದು ಬೋಟು ಹತ್ತಿದರು. ಅವರೂ ಅವನನ್ನು ನೋಡಲಿಲ್ಲ. ಎಂಜಿನ್ ಶುರುವಾದಾಗ ಕೆಲಸದವನೊಬ್ಬ ಹತ್ತಿರ ಬಂದು, ಮುಖ ಬೇರೆ ಕಡೆ ಮಾಡಿಕೊಂಡೇ, "ಸ್ವಲ್ಪ ಆಚೆ ನಿಲ್ಲಿ ಸರ್, ಹಗ್ಗ ಎಳೀಲಿಕ್ಕುಂಟು" ಎಂದ.